ವಿಳಾಸವಿಲ್ಲದವರನ್ನು ಕರೆಯುವ ಬಗೆ

ತಾರ್ನಾಕದ ಬಹಳಷ್ಟು ಮನೆಗಳ ನಂಬರು 12-13 ಎಂದೇ ಶುರುವಾಗುತ್ತದೆ. ಮೊದಲನೆಯದು ವಾರ್ಡು, ಎರಡನೆಯದು ಬ್ಲಾಕು, ಅದಾದ ಮೇಲೆ ಮನೆಯ ಸಂಖ್ಯೆ. ಒಂದು ಜಾಗ ಪಾಲಾಗಿ ಹಲವು ಮನೆಗಳೆದ್ದರೆ ಸಂಖ್ಯೆಯ ಪಕ್ಕಕ್ಕೆ ಓರೆಗೆರೆ ಬಿದ್ದು ಇನ್ನೊಂದು ಸಂಖ್ಯೆ ಸೇರುತ್ತದೆ. ಅದೂ ಒಡೆದರೆ ಕೊನೆಗೊಂದು ಅಕ್ಷರ. ಹೈದರಾಬಾದಿನ ಹಳೆಯ ಬಡಾವಣೆಗಳು ಬೆಳೆದದ್ದೇ ಹೀಗೆ. ಪಕ್ಕದ ಮನೆಗೆ ಪಕ್ಕದ ಸಂಖ್ಯೆಯೇ ಇರಬೇಕೆಂದಿಲ್ಲ. ಮೆಟ್ರೊ ಇಳಿದು ಚೀಟಿ ಹಿಡಿದು ಬಂದವರು ಸ್ಟ್ರೀಟ್ ನಂಬರಿನ ತನಕ ತಾವೇ ಬರುತ್ತಾರೆ. ಅಲ್ಲಿಂದಾಚೆಗೆ ಇಸ್ತ್ರಿಯವನನ್ನೋ ಕಿರಾಣಿ ಅಂಗಡಿಯವನನ್ನೋ ಕೇಳಿಯೇ ಬಾಗಿಲು ಮುಟ್ಟುವುದು.

ಆ ಮನೆಗಳ ಒಳಗೆ ಯಾರಾದರೂ ಕಂಪ್ಯೂಟರಿನ ಗುಂಡಿ ಒತ್ತಿದಾಗಲೆಲ್ಲ ಇಂಥದೇ ನಂಬರು ಹಾಕುವ ಕೆಲಸವೊಂದು ಹೊಸದಾಗಿ ಶುರುವಾಗುತ್ತದೆ. ಪ್ರೊಸೆಸರಿನಿಂದ ಹೊರಟು ಡಿಸ್ಕು, ಧ್ವನಿ, ಚಿತ್ರ, ಜಾಲ ಎಲ್ಲವನ್ನೂ ಮುಟ್ಟುವ ತಂತಿಗಳ ಹಾದಿಗೆ ಬಸ್ ಎನ್ನುತ್ತಾರೆ. ಈ ಹಾದಿಯ ಮೇಲಿನ ನಂಬರಿಗೂ ಮೂರು ಭಾಗ: ಯಾವ ಬಸ್, ಅದರಲ್ಲಿ ಯಾವ ಸಾಧನ, ಆ ಸಾಧನದೊಳಗಿನ ಯಾವ ಫಂಕ್ಷನ್. ಪಿಸಿಐ ಎಂಬ ಪದ್ಧತಿಯಲ್ಲಿ 256 ಬಸ್, ಒಂದೊಂದರಲ್ಲಿ 32 ಸಾಧನ, ಒಂದೊಂದು ಸಾಧನದಲ್ಲಿ 8 ಫಂಕ್ಷನ್. ಒಟ್ಟು 65,536 ಬಾಗಿಲು. ಸಾಮಾನ್ಯ ಪಿಸಿಯಲ್ಲಿ ಬೋರ್ಡಿನ ಮೇಲಿನ ಫರ್ಮ್‌ವೇರ್ ಮೊದಲೇ ಒಂದು ಸುತ್ತು ಬಂದಿರುತ್ತದೆ. ಆಮೇಲೆ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್ ತಾನೂ ನಡೆದು ನೋಡಿ, ಸರಿಯಿದ್ದುದನ್ನು ಉಳಿಸಿ, ಉಳಿದದ್ದನ್ನು ತಿದ್ದುತ್ತದೆ. ಕೆಲವು ಸಣ್ಣ ಬೋರ್ಡುಗಳಲ್ಲಂತೂ ಅಷ್ಟೂ ಕೆಲಸ ಅದರದೇ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಪ್ರಶ್ನೆ ಒಂದಿದೆ. ಸಾಧನಕ್ಕೆ ವಿಳಾಸ ಕೊಡಬೇಕಾದರೆ 'ಇದು ನಿನ್ನ ವಿಳಾಸ' ಎಂದು ಅದಕ್ಕೆ ಹೇಳಬೇಕು. ಹೇಳಬೇಕಾದರೆ ಅದನ್ನು ಕರೆಯಬೇಕು. ಕರೆಯಬೇಕಾದರೆ ವಿಳಾಸ ಬೇಕು. ಒಂದೇ ತಂತಿಯ ಮೇಲೆ ಹತ್ತಾರು ಸಾಧನಗಳು, ಯಾವುದಕ್ಕೂ ಇನ್ನೂ ಹೆಸರಿಲ್ಲ, ಕರೆದರೆ ಎಲ್ಲರೂ ಓಗೊಡಬೇಕು ಇಲ್ಲವೇ ಯಾರೂ ಓಗೊಡಬಾರದು. ಈ ಗಂಟನ್ನು ಬಿಡಿಸಿದ ರೀತಿಗಳನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಬಹಳ ಕಾಲ ಈ ಗಂಟು ಇರಲೇ ಇಲ್ಲ, ಏಕೆಂದರೆ ವಿಳಾಸ ಕೊಡುತ್ತಿದ್ದವರು ಮನುಷ್ಯರು. ತಾರ್ನಾಕದಿಂದ ಕೆಲವೇ ಕಿಲೋಮೀಟರು ದೂರದಲ್ಲಿ, ಎ. ಎಸ್. ರಾವ್ ಅವರ ಮುಂದಾಳತ್ವದಲ್ಲಿ 1967ರಲ್ಲಿ ಕಟ್ಟಿದ ಇಸಿಐಎಲ್ ಕಂಪನಿ ಇದೆ. ನಮ್ಮ ದೇಶದ ಮೊದಮೊದಲ ಕಂಪ್ಯೂಟರುಗಳಲ್ಲೊಂದಾದ ಟಿಡಿಸಿ-12 ಅಲ್ಲಿಂದಲೇ ಬಂತು. ಆ ಪೀಳಿಗೆಯ ಯಂತ್ರಗಳಲ್ಲಿ, ಅಮೆರಿಕದ ಪ್ರಸಿದ್ಧ ಪಿಡಿಪಿ-11ರಲ್ಲಿ ಇದ್ದಂತೆ, ಸಾಧನದ ವಿಳಾಸ ಬೋರ್ಡಿನ ಮೇಲಿನ ಜಂಪರ್‌ಗಳಲ್ಲೋ ಸ್ವಿಚ್ಚುಗಳಲ್ಲೋ ಕೂತಿರುತ್ತಿತ್ತು. ಇಂಜಿನಿಯರ್ ಒಬ್ಬರು ಕೂತು ತೀರ್ಮಾನಿಸಿ ಚುಚ್ಚಿದ್ದೇ ವಿಳಾಸ. 1981ರ ಐಬಿಎಂ ಪಿಸಿಯೂ ಇದೇ ದಾರಿ ಹಿಡಿಯಿತು. ತೊಂಬತ್ತರ ದಶಕದಲ್ಲಿ ಸೌಂಡ್ ಬ್ಲಾಸ್ಟರ್ ಕಾರ್ಡು ಹಾಕಿಸಿದವರಿಗೆ ವಿಳಾಸ 220, ಇಂಟರಪ್ಟ್ 5 ಅಥವಾ 7 ಎಂಬುದು ಬಾಯಿಪಾಠವಾಗಿತ್ತು. ಎರಡು ಕಾರ್ಡುಗಳಿಗೆ ಒಂದೇ ವಿಳಾಸ ಬಿದ್ದರೆ ಎರಡೂ ಒಟ್ಟಿಗೆ ಮಾತಾಡುತ್ತಿದ್ದವು, ಮಾತು ಕಲಸಿಹೋಗುತ್ತಿತ್ತು. ಆಗ ಕವಚ ಬಿಚ್ಚಿ, ಚಿಮುಟದಿಂದ ಜಂಪರ್ ಎಂಬ ಆ ಪುಟ್ಟ ಪ್ಲಾಸ್ಟಿಕ್ ಟೊಪ್ಪಿಗೆಯನ್ನು ಒಂದು ಜೋಡಿ ಮುಳ್ಳಿನಿಂದ ಕಿತ್ತು ಇನ್ನೊಂದು ಜೋಡಿಗೆ ಹಾಕಬೇಕು.

1992ರಲ್ಲಿ ಇಂಟೆಲ್ ಹೊರತಂದ ಪಿಸಿಐ ತನ್ನ ಕಾರ್ಡುಗಳ ಮಟ್ಟಿಗೆ ಈ ಟೊಪ್ಪಿಗೆಗಳನ್ನೆಲ್ಲ ಒಮ್ಮೆಗೇ ಬೇಡವಾಗಿಸಿತು. ಅದರ ಉತ್ತರ ಅತ್ಯಂತ ನೇರ: ಹೆಸರಿಲ್ಲದಿದ್ದರೇನು, ಜಾಗವಿದೆಯಲ್ಲ. ಪ್ರತಿ ಸ್ಲಾಟಿಗೂ, ಎಲ್ಲರಿಗೂ ಸಾಮಾನ್ಯವಾದ ತಂತಿಗಳ ಜತೆಗೆ, ಅದರದೇ ಆದ ಒಂದು ತಂತಿ ಬರುತ್ತದೆ. ಐಡಿಸೆಲ್ ಎಂದು ಅದಕ್ಕೆ ಹೆಸರು. ಬೇರೆ ಸಮಯದಲ್ಲಿ ಆ ತಂತಿಗೆ ಕೆಲಸವಿಲ್ಲ. ಕರ್ನಲ್ ಸಾಧನದ ಗುರುತು-ವಿಳಾಸಗಳ ಬಗ್ಗೆ ಪ್ರಶ್ನೆ ಕೇಳುವಾಗ ಮಾತ್ರ ಅದರ ಸ್ಲಾಟಿನ ಐಡಿಸೆಲ್ ಮೇಲೇಳುತ್ತದೆ. ಪ್ರಶ್ನೆ ಎಲ್ಲರಿಗೂ ಕೇಳಿಸಿದರೂ ಉತ್ತರಿಸುವ ಹಕ್ಕು ಆ ಒಂದಕ್ಕೆ ಮಾತ್ರ. ಮೊದಲ ಪ್ರಶ್ನೆಯೂ ಸರಳ: ನಿನ್ನನ್ನು ಮಾಡಿದವರು ಯಾರು, ನೀನು ಏನು? ಪ್ರತಿ ಸಾಧನ ಹೊತ್ತಿರುವ 256 ಬೈಟುಗಳ ಪುಟ್ಟ ಕಡತದ ಮೊದಲ ಎರಡು ಬೈಟು ತಯಾರಕರ ಗುರುತು, ನಂತರದ ಎರಡು ಸಾಧನದ ಗುರುತು. ಇಂಟೆಲ್‌ನ ಗುರುತು 8086. ತನ್ನ 1978ರ ಪ್ರೊಸೆಸರಿನ ಸಂಖ್ಯೆಯನ್ನೇ ಅದು ಮನೆತನದ ಹೆಸರಾಗಿ ಇಟ್ಟುಕೊಂಡಿದೆ.

ಸೇಡಂ ಕಡೆಯ ಅಕ್ಕನ ಮಗ ಉಸ್ಮಾನಿಯಾದಲ್ಲಿ ಓದಲೆಂದು ನಮ್ಮಲ್ಲಿ ಇದ್ದಾನೆ. ಕಲಬುರಗಿ, ಬೀದರ್, ರಾಯಚೂರಿನ ಹುಡುಗರು ನಿಜಾಮರ ಕಾಲದಿಂದಲೂ ಈ ವಿಶ್ವವಿದ್ಯಾಲಯಕ್ಕೆ ಬರುತ್ತಲೇ ಇದ್ದಾರೆ. ಒಂದು ಸಂಜೆ ಹಳೆಯ ಡೆಸ್ಕ್‌ಟಾಪಿನಲ್ಲಿ ಲಿನಕ್ಸ್ ಹಾಕಿಕೊಂಡು ಸಾಧನಗಳ ಪಟ್ಟಿ ತೆಗೆದ. ಮೊದಲ ಸಾಲು 00:00.0. ಅದರ ಕೆಳಗೆ 00:02.0, ಚಿತ್ರ ಮೂಡಿಸುವ ಭಾಗ. ಅದರ ಕೆಳಗೆ ಒಮ್ಮೆಗೇ 00:14.0, ಯುಎಸ್‌ಬಿ.

"ಮಾಮಾ, ಎರಡು ಆದಮ್ಯಾಲ ಒಮ್ಮಿಗೇ ಹದಿನಾಲ್ಕು ಬಂತಲ್ಲ. ನಡುವಿನವು ಎಲ್ಲಿ ಹೋದ್ವು?"

"ಎಲ್ಲೂ ಹೋಗಿಲ್ಲಪ. ಕರ್ನಲ್ ಅಲ್ಲೂ ಹೋಗಿ ಕೇಳ್ಯಾದ. ಅಲ್ಲಿ ಯಾರೂ ಇದ್ದಿದ್ದಿಲ್ಲ." ಆ ಹದಿನಾಲ್ಕು ಹದಿನಾರರ ಲೆಕ್ಕದ್ದು, ನಮ್ಮ ಲೆಕ್ಕದಲ್ಲಿ ಇಪ್ಪತ್ತು ಎಂದೂ ಹೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಮತ್ತ ಯಾರೂ ಇಲ್ಲ ಅಂತ ಹೇಳ್ದೋರು ಯಾರು?"

ಎಂಥ ಪ್ರಶ್ನೆ! ಖಾಲಿ ಸ್ಲಾಟು 'ನಾನು ಖಾಲಿ' ಎಂದು ಹೇಳಲಾರದು, ಹೇಳಲು ಅಲ್ಲಿ ಯಾರಾದರೂ ಇರಬೇಕಲ್ಲ. ನಡೆಯುವುದು ಇಷ್ಟು: ಪ್ರಶ್ನೆ ಹೋಗುತ್ತದೆ, 'ಇದು ನನಗೆ ಬಂದ ಕರೆ' ಎಂದು ಒಪ್ಪಿಕೊಳ್ಳುವ ಸಂಕೇತಕ್ಕಾಗಿ ಬಸ್ಸಿನ ಗಡಿಯಾರದ ಕೆಲವೇ ಬಡಿತಗಳಷ್ಟು ಕಾಯುವುದಾಗುತ್ತದೆ, ಯಾರೂ ಒಪ್ಪಿಕೊಳ್ಳದಿದ್ದರೆ ಪ್ರೊಸೆಸರಿನ ಬದಿಯ ಸೇತುವೆಯೇ ಎಲ್ಲ ಬಿಟ್‌ಗಳನ್ನೂ ಒಂದು ಮಾಡಿ ಹಿಂದಿರುಗಿಸುತ್ತದೆ. ಹದಿನಾರಕ್ಕೆ ಹದಿನಾರೂ ಒಂದು. ಕರ್ನಲ್ ಅದನ್ನು ಓದಿ 'ಇಲ್ಲ' ಎಂದು ತಿಳಿಯುತ್ತದೆ. ಈ ಉತ್ತರ ಕೆಡದಿರಲೆಂದು ಜಗತ್ತಿನ ಯಾವ ತಯಾರಕರಿಗೂ ಹದಿನಾರು ಒಂದುಗಳ ಗುರುತನ್ನು ಕೊಟ್ಟಿಲ್ಲ. ಆ ಒಂದು ಸಂಖ್ಯೆಯನ್ನು ಯಾರಿಗೂ ಸೇರದಂತೆ ಎತ್ತಿಟ್ಟಿದ್ದಾರೆ. ಇಲ್ಲದವರಿಗೂ ಒಂದು ಗುರುತು ಕಾಯ್ದಿರಿಸಿದ ಆ ವಿವೇಕ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

2003ರಲ್ಲಿ ಬಂದ ಪಿಸಿಐ ಎಕ್ಸ್‌ಪ್ರೆಸ್ ಹಂಚಿಕೊಂಡ ತಂತಿಗಳನ್ನು ಬಿಟ್ಟು, ಇಬ್ಬಿಬ್ಬರ ನಡುವೆ ಬೇರೆಬೇರೆ ದಾರಿ ಹಾಕಿತು. ಐಡಿಸೆಲ್ ಹೋಯಿತು. ಆದರೆ ಅಲ್ಲಿ ಇನ್ನೂ ಸೋಜಿಗದ ಸಂಗತಿಯೊಂದಿದೆ. ಸಾಧನಕ್ಕೆ ತನ್ನ ಬಸ್ಸು ಯಾವುದು, ತನ್ನ ಸಂಖ್ಯೆ ಯಾವುದು ಎಂದು ಯಾರೂ ಪ್ರತ್ಯೇಕವಾಗಿ ಹೇಳುವುದಿಲ್ಲ. ಅದರ ಕಡತದಲ್ಲಿ ಏನನ್ನಾದರೂ ಬರೆಯಲು ಅಪ್ಪಣೆ ಬಂದಾಗ, ಆ ಅಪ್ಪಣೆಯ ಮೇಲೆ 'ಇಂಥ ಬಸ್ಸಿನ ಇಂಥ ಸಾಧನಕ್ಕೆ' ಎಂದು ಇರುತ್ತದಲ್ಲ, ಅದನ್ನು ಓದಿ 'ಹಾಗಾದರೆ ನಾನು ಇದು' ಎಂದು ಸಾಧನ ನೆನಪಿಟ್ಟುಕೊಳ್ಳುತ್ತದೆ. ತನ್ನನ್ನು ಕರೆದ ಕರೆಯಿಂದಲೇ ತನ್ನ ಸಂಖ್ಯೆ ಅದಕ್ಕೆ ತಿಳಿಯುವುದು. ಪ್ರತಿ ಬರಹದ ಅಪ್ಪಣೆಯಲ್ಲೂ ಅದನ್ನು ಹೊಸದಾಗಿ ಓದಿಕೊಳ್ಳುತ್ತದೆ. ನಡುವೆ ಸಂಖ್ಯೆ ಬದಲಾದರೆ ಅದೂ ಬದಲಾಗುತ್ತದೆ.

ಇಷ್ಟಾದರೂ ಇದು ಮಾತಾಡಿಸಲು ಬೇಕಾದ ನಂಬರು ಮಾತ್ರ. ಕೆಲಸ ಮಾಡಲು ಸಾಧನಕ್ಕೆ ಮೆಮೊರಿಯ ನಕ್ಷೆಯಲ್ಲಿ ಜಾಗವೂ ಬೇಕು. ಪ್ರೊಸೆಸರ್ ಆ ಜಾಗಕ್ಕೆ ಬರೆದರೆ ಅದು ಸಾಧನಕ್ಕೆ ಮುಟ್ಟಬೇಕು. ಎಷ್ಟು ಜಾಗ ಬೇಕು? ಕೇಳುವ ರೀತಿಯನ್ನು ಇಲ್ಲಿ ನಿಧಾನವಾಗಿ ನೋಡಬೇಕು, ಏಕೆಂದರೆ ಈ ಇಡೀ ವಿದ್ಯೆಯಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು.

ಸಾಧನದ ಕಡತದಲ್ಲಿ ಮೂವತ್ತೆರಡು ಬಿಟ್‌ಗಳ ಆರು ಮನೆಗಳಿವೆ, ಬಾರ್ ಎಂದು ಕರೆಯುವಂಥವು. ಕೊಟ್ಟ ವಿಳಾಸವನ್ನು ಬರೆದಿಡುವ ಜಾಗ ಅವು. 'ನನಗಿಷ್ಟು ಬೇಕು' ಎಂದು ಅಳತೆ ಬರೆದ ಸಾಲು ಅಲ್ಲೆಲ್ಲೂ ಇಲ್ಲ. ಕರ್ನಲ್ ಮಾಡುವುದೇನೆಂದರೆ, ಸಾಧನ ಆ ಹೊತ್ತಿಗೆ ಯಾವ ಮೆಮೊರಿ ವಿಳಾಸಕ್ಕೂ ಉತ್ತರಿಸದಂತೆ ತಡೆದು, ಒಂದು ಮನೆಯಲ್ಲಿದ್ದ ಹಳೆಯ ಬೆಲೆಯನ್ನು ಎತ್ತಿಟ್ಟುಕೊಂಡು, ಮೂವತ್ತೆರಡೂ ಬಿಟ್‌ಗಳಿಗೆ ಒಂದನ್ನು ಬರೆಯುತ್ತದೆ. ಬರೆದದ್ದನ್ನೇ ಮರಳಿ ಓದುತ್ತದೆ. ಬರೆದಂತೆ ಅಷ್ಟೂ ಒಂದುಗಳು ಉಳಿದಿರುವುದಿಲ್ಲ. ಸಾಧನಕ್ಕೆ 1 ಎಂಬಿ ಜಾಗ ಬೇಕಿದ್ದರೆ ಮೇಲಿನ ಹನ್ನೆರಡು ಬಿಟ್‌ಗಳಲ್ಲಿ ಮಾತ್ರ ಒಂದು ನಿಂತಿರುತ್ತದೆ, ಕೆಳಗಿನ ಇಪ್ಪತ್ತು ಬಿಟ್‌ಗಳು ಸೊನ್ನೆಗೆ ಜಾರಿರುತ್ತವೆ. ಅವು ಹುಟ್ಟಿನಿಂದಲೇ ಸೊನ್ನೆಗೆ ಕಟ್ಟಿದ ಬಿಟ್‌ಗಳು, ಏನು ಬರೆದರೂ ಹಿಡಿಯುವುದಿಲ್ಲ. (ತೀರ ಕೊನೆಯ ನಾಲ್ಕು ಬಿಟ್ ಜಾಗದ ಬಗೆ ತಿಳಿಸಲು ಮೀಸಲು; ಅಳತೆಯ ಲೆಕ್ಕದಲ್ಲಿ ಅವನ್ನು ಬದಿಗಿಡುತ್ತಾರೆ.) ಎರಡನ್ನು ಇಪ್ಪತ್ತು ಸಲ ಗುಣಿಸಿದರೆ 10,48,576. ಅಷ್ಟು ಬೈಟು ಬೇಕು ಎಂದು ಕರ್ನಲ್‌ಗೆ ತಿಳಿಯಿತು.

ಯೋಚಿಸಿದಷ್ಟೂ ಇದು ಆಳಕ್ಕೆ ಇಳಿಯುತ್ತದೆ. ಆ ಇಪ್ಪತ್ತು ಬಿಟ್‌ಗಳು ಏಕೆ ಹಿಡಿಯುವುದಿಲ್ಲ? ಅವು ಸಾಧನದ ಒಳಗಿನ ವ್ಯವಹಾರ. ತನ್ನ ಅಂಗಳದೊಳಗೆ ಯಾವ ಮೂಲೆ ಎಲ್ಲಿ ಎಂಬುದನ್ನು ಸಾಧನವೇ ನೋಡಿಕೊಳ್ಳುತ್ತದೆ, ಅದನ್ನು ಹೊರಗಿನವರು ಹೇಳಬೇಕಿಲ್ಲ, ಹೇಳಲೂ ಆಗದು. ಅಂಗಳ ಎಲ್ಲಿಂದ ಶುರು ಎಂಬುದಷ್ಟೇ ಹೊರಗಿನವರ ತೀರ್ಮಾನಕ್ಕೆ ಬಿಟ್ಟದ್ದು, ಅದು ಆ ಮೇಲಿನ ಹನ್ನೆರಡು ಬಿಟ್. ಹಾಗಾಗಿ ಒಂದನ್ನು ಹಿಡಿದ ಬಿಟ್‌ಗಳು 'ಇಷ್ಟು ನೀನು ಹೇಳು' ಎನ್ನುತ್ತವೆ, ಹಿಡಿಯದವು 'ಇಷ್ಟು ನನ್ನದು' ಎನ್ನುತ್ತವೆ. ಪ್ರತ್ಯೇಕ ಅಳತೆಪಟ್ಟಿ ಇಲ್ಲ, ಅಳತೆ ಹೇಳುವ ಭಾಷೆ ಇಲ್ಲ. ವಿಳಾಸ ಬರೆಯಲು ಇಟ್ಟ ಜಾಗವೇ ತನ್ನ ಆಕಾರದಿಂದ ಮಾತಾಡುತ್ತದೆ. ಇದನ್ನು ರೂಪಿಸಿದವರು ಬೇರೊಂದು ಮನೆ ಸೇರಿಸಿ ಅಲ್ಲಿ ಅಳತೆ ಬರೆದಿಡಬಹುದಿತ್ತು, ಯಾರೂ ಬೇಡ ಎನ್ನುತ್ತಿರಲಿಲ್ಲ. ಹಾಗೆ ಮಾಡದೆ, ಇದ್ದುದರಲ್ಲೇ ಇರುವ ಉತ್ತರವನ್ನು ಅವರು ಕಂಡರು.

ಅಳತೆಗಳೆಲ್ಲ ಎರಡರ ಘಾತಗಳಾದ್ದರಿಂದ ಇನ್ನೊಂದು ಕಟ್ಟಳೆ ಹುಟ್ಟುತ್ತದೆ: 1 ಎಂಬಿ ಬೇಕಾದವರು 1 ಎಂಬಿಯ ಗಡಿಯಲ್ಲೇ ಶುರುವಾಗಬೇಕು. ಹೀಗಿರುವಾಗ ಚಿಕ್ಕವರನ್ನು ಮೊದಲು ಕೂರಿಸಿದರೆ ದೊಡ್ಡವರಿಗೆ ಗಡಿ ಸಿಗದೆ ಜಾಗ ಪೋಲಾಗುತ್ತದೆ. ಲಿನಕ್ಸ್ ದೊಡ್ಡವರನ್ನು ಮೊದಲು ಕೂರಿಸಿ, ಉಳಿದ ಸಂದುಗಳಲ್ಲಿ ಚಿಕ್ಕವರನ್ನು ಹೊಂದಿಸುತ್ತದೆ.

ಒಂದು ಬಸ್ಸಿನಿಂದ ಇನ್ನೊಂದಕ್ಕೆ ದಾಟಿಸುವ ಸೇತುವೆಗಳಿರುತ್ತವೆ. ಆಚೆ ದಡದಲ್ಲಿ ಎಷ್ಟು ಬಸ್ಸುಗಳಿವೆ ಎಂಬುದು ದಾಟುವ ತನಕ ಗೊತ್ತಿಲ್ಲ. ಆದರೆ ತನ್ನಾಚೆಗಿನ ಕೊನೆಯ ಬಸ್ಸು ಯಾವುದೆಂದು ಸೇತುವೆಗೆ ಬರೆದುಕೊಡದೆ ದಾಟುವಂತಿಲ್ಲ. ಕರ್ನಲ್ ಹೋಗುವಾಗ 'ಕೊನೆಯದು 255' ಎಂದು, ಇರುವಷ್ಟನ್ನೂ ಅದಕ್ಕೇ ಒಪ್ಪಿಸಿ ಮುಂದೆ ಸಾಗುತ್ತದೆ. ಅಲ್ಲಿ ಮತ್ತೊಂದು ಸೇತುವೆ ಸಿಕ್ಕರೆ ಅದಕ್ಕೂ ಹಾಗೆಯೇ. ತುದಿ ಮುಟ್ಟಿ ಮರಳುವಾಗ ಒಂದೊಂದು ಸೇತುವೆಯ ಮೇಲೂ ನಿಜವಾದ ಸಂಖ್ಯೆಯನ್ನು ತಿದ್ದಿ ಬರೆಯುತ್ತ ಬರುತ್ತದೆ. ಮೆಮೊರಿ ಹಂಚಿಕೆಯೂ ಸೇತುವೆಗಳಿಂದ ಕವಲೊಡೆದ ಇದೇ ಮರದ ಮೇಲೆ. ಬೇಕಾದದ್ದರ ಲೆಕ್ಕ ಎಲೆಗಳಿಂದ ಬುಡಕ್ಕೆ ಕೂಡುತ್ತ ಬರುತ್ತದೆ, ಜಾಗ ಬುಡದಿಂದ ಎಲೆಗಳಿಗೆ ಹಂಚುತ್ತ ಹೋಗುತ್ತದೆ.

ಪಿಸಿಐ ಬಂದ ಕಾಲಕ್ಕೆ ಹಳೆಯ ಐಎಸ್‌ಎ ಬಸ್ಸಿನ ಕಾರ್ಡುಗಳು ಲಕ್ಷಾಂತರ ಯಂತ್ರಗಳಲ್ಲಿ ಇದ್ದವು. ಅಲ್ಲಿ ಸ್ಲಾಟಿಗೊಂದು ತಂತಿಯಿಲ್ಲ, ಎಲ್ಲರಿಗೂ ಎಲ್ಲವೂ ಕೇಳಿಸುತ್ತದೆ. ಜಾಗದ ಆಸರೆಯೂ ಇಲ್ಲದಿರುವಾಗ ಏನು ಮಾಡುವುದು? 1993ರಲ್ಲಿ ಇಂಟೆಲ್ ಮತ್ತು ಮೈಕ್ರೊಸಾಫ್ಟ್ ಸೇರಿ ಕೊಟ್ಟ ಉತ್ತರದಷ್ಟು ಸೊಗಸಾದದ್ದು ಈ ಕ್ಷೇತ್ರದಲ್ಲಿ ಬೇರೊಂದಿಲ್ಲ ಎಂದು ನಾನು ನಂಬುತ್ತೇನೆ. ಪ್ರತಿ ಕಾರ್ಡಿನೊಳಗೆ 72 ಬಿಟ್‌ಗಳ ಒಂದು ಗುರುತು, ಒಂದರಂತೆ ಇನ್ನೊಂದಿಲ್ಲ. ಕರ್ನಲ್ ಒಂದೊಂದೇ ಬಿಟ್ ಕೇಳುತ್ತ ಹೋಗುತ್ತದೆ. ತನ್ನ ಗುರುತಿನಲ್ಲಿ ಆ ಜಾಗದಲ್ಲಿ ಒಂದು ಇರುವ ಕಾರ್ಡು ದನಿ ಎತ್ತುತ್ತದೆ. ಸೊನ್ನೆ ಇರುವುದು ಬಾಯಿ ಮುಚ್ಚಿ ಕಿವಿ ತೆರೆಯುತ್ತದೆ, ಬೇರೆ ಯಾರದಾದರೂ ದನಿ ಕೇಳಿಸಿದರೆ ಆ ಸುತ್ತಿನಿಂದ ತಾನಾಗಿ ಹಿಂದೆ ಸರಿಯುತ್ತದೆ. ಎಪ್ಪತ್ತೆರಡು ಬಿಟ್ ಮುಗಿಯುವ ಹೊತ್ತಿಗೆ ಉಳಿದಿರುವುದು ಒಂದೇ ಕಾರ್ಡು. ಅದಕ್ಕೊಂದು ಸಂಖ್ಯೆ ಕೊಟ್ಟು ಮಲಗಿಸಿ, ಸರಿದವರನ್ನೆಲ್ಲ ಮತ್ತೆ ಎಬ್ಬಿಸಿ ಇನ್ನೊಂದು ಸುತ್ತು. ಕೊನೆಯವರಿಗೂ ಸಂಖ್ಯೆ ಸಿಗುವ ತನಕ. ನೂಕುನುಗ್ಗಲಿಲ್ಲ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವಂತಿಲ್ಲ. ಇಷ್ಟು ಚೆಂದದ ಪದ್ಧತಿ ಹೆಚ್ಚು ಕಾಲ ಬದುಕಲಿಲ್ಲ. ಐಎಸ್‌ಎ ಬಸ್ಸೇ ಮರೆಯಾಯಿತು.

ಯುಎಸ್‌ಬಿ 1996ರಲ್ಲಿ ಬಂತು. ಬರೋಡಾದಲ್ಲಿ ಓದಿ ಇಂಟೆಲ್ ಸೇರಿದ ಅಜಯ್ ಭಟ್ ಅದರ ಹಿಂದಿದ್ದವರಲ್ಲಿ ಪ್ರಮುಖರು. ಅದರ ಉತ್ತರ ಸರದಿ. ಇಲ್ಲಿ ಹೊಸದಾಗಿ ಬಂದ ಪ್ರತಿಯೊಂದು ಸಾಧನದ ವಿಳಾಸವೂ ಸೊನ್ನೆ. ಕೀಬೋರ್ಡಾಗಲಿ, ಪೆನ್‌ಡ್ರೈವಾಗಲಿ, ಲಕ್ಷ ರೂಪಾಯಿಯ ಕ್ಯಾಮೆರಾ ಆಗಲಿ, ಎಲ್ಲರೂ ಸೊನ್ನೆಯಾಗಿಯೇ ಒಳಗೆ ಬರುವುದು. ಇಬ್ಬರು ಒಮ್ಮೆಗೇ ಸೊನ್ನೆಯಾಗಬಾರದೆಂದು ಒಂದು ಹೊತ್ತಿಗೆ ಒಂದೇ ಪೋರ್ಟಿನ ಬಾಗಿಲು ತೆರೆಯುತ್ತಾರೆ. ಲಿನಕ್ಸ್‌ನಲ್ಲಿ ಇದಕ್ಕೆಂದೇ ಒಂದು ಬೀಗವಿದೆ, ಅದರ ಹೆಸರಿನಲ್ಲೇ 'ಅಡ್ರೆಸ್ ಸೊನ್ನೆ' ಎಂದಿದೆ. ಆಮೇಲೆ ಒಂದರಿಂದ 127ರ ತನಕದ ಯಾವುದೋ ಸಂಖ್ಯೆಯನ್ನು ಸಾಧನಕ್ಕೆ ಹೇಳುತ್ತಾರೆ. ಈಗಿನ ಯಂತ್ರಗಳಲ್ಲಿ ಕರ್ನಲ್ ಅಪ್ಪಣೆ ಕೊಟ್ಟರೆ ಸಂಖ್ಯೆ ಆರಿಸಿ ತಿಳಿಸುವ ಕೆಲಸವನ್ನು ಯುಎಸ್‌ಬಿ ಕಂಟ್ರೋಲರೇ ಮಾಡುತ್ತದೆ. 'ತಿಳಿಯಿತು' ಎಂಬ ಉತ್ತರವನ್ನು ಸಾಧನ ಹಳೆಯ ಸೊನ್ನೆಯಲ್ಲಿ ನಿಂತೇ ಕೊಡಬೇಕು. ಆ ಉತ್ತರ ತಲುಪಿದ ಮೇಲೆಯೇ ಅದು ಹೊಸ ಸಂಖ್ಯೆಗೆ ಹೊರಳುವುದು. ಹೊಂದಿಕೊಳ್ಳಲು ಎರಡು ಮಿಲಿಸೆಕೆಂಡು ಬಿಡುವು ಕೊಡುತ್ತಾರೆ. ಮೊದಲೇ ಹೊರಳಿದರೆ, ಸೊನ್ನೆಯ ಬಳಿ ಉತ್ತರಕ್ಕೆ ಕಾದವರಿಗೆ ಯಾರೂ ಸಿಗುತ್ತಿರಲಿಲ್ಲ.

ಒಂದು ಕಡೆ ಜಾಗ, ಒಂದು ಕಡೆ ಕೇಳಿಸಿಕೊಳ್ಳುವ ತಾಳ್ಮೆ, ಒಂದು ಕಡೆ ಸರದಿ. ವಿಳಾಸ ಬರುವುದಕ್ಕೆ ಮುಂಚೆ ಹೀಗೆ ಯಾವುದೋ ಒಂದು ಬೇರೆ ಬಗೆಯ ಪರಿಚಯ ಆಗಿರಲೇಬೇಕು. ಮನೆ ನಂಬರು ಗೊತ್ತಿಲ್ಲದೆಯೂ ಮನೆಯನ್ನು ತೋರಿಸಬಲ್ಲ ಇಸ್ತ್ರಿಯವನ ತಿಳಿವಳಿಕೆ ಈ ಜಾತಿಯದು. ತಾರ್ನಾಕಕ್ಕೆ ಇಲ್ಲದ ಒಂದು ಅನುಕೂಲ ಕರ್ನಲ್‌ಗಿದೆ: ವಿದ್ಯುತ್ ಹೋದರೆ ಕೊಟ್ಟ ವಿಳಾಸಗಳೆಲ್ಲ ಅಳಿಸಿಹೋಗುತ್ತವೆ, ಮರುದಿನ ಖಾಲಿ ನಕ್ಷೆ ಹರಡಿಕೊಂಡು ಮತ್ತೆ ಶುರು. ಓರೆಗೆರೆಗಳು ಬೆಳೆಯುತ್ತ ಹೋಗುವುದಿಲ್ಲ. ಯಂತ್ರ ನಡೆಯುತ್ತಿರುವಾಗ ಮಾತ್ರ ಅದಕ್ಕೂ ಕಷ್ಟವೇ. ಆಗ ಹೊಸ ಸಾಧನ ಬಂದರೆ ಕೆಲಸದಲ್ಲಿರುವವರನ್ನು ಎಬ್ಬಿಸಿ ಜಾಗ ಬದಲಿಸುವಂತಿಲ್ಲ. ಅದಕ್ಕೆಂದೇ, ಹಾಗೆ ನಡುವೆ ಬಂದು ಸೇರುವವರ ಸೇತುವೆಗಳ ಆಚೆಗೆ ಲಿನಕ್ಸ್ ಮೊದಲೇ 2 ಎಂಬಿಯಷ್ಟನ್ನಾದರೂ ಬಿಟ್ಟಿರುತ್ತದೆ, ಯಾರು ಬರುವರೋ ತಿಳಿಯದೆಯೇ. ಎಷ್ಟೋ ಸಲ ಅದು ಸಾಲದೆ, ಜಾಗವಿಲ್ಲ ಎಂಬ ಸಾಲು ತೆರೆಯ ಮೇಲೆ ಬೀಳುತ್ತದೆ.

ಬಂದು ಸೇರುವುದಕ್ಕಿಂತ ಹೇಳದೆ ಹೋಗುವುದು ಇನ್ನೂ ಕಠಿಣ. ಕೆಲಸದ ನಡುವೆ ಯಾರೋ ಕೇಬಲ್ ಕಿತ್ತರು ಎನ್ನಿ. ಸಾಧನವನ್ನು ನಡೆಸುವ ಡ್ರೈವರ್‌ಗೆ ಅದು ಗೊತ್ತಿಲ್ಲ. ಎಂದಿನಂತೆ ಓದುತ್ತದೆ, ಎಲ್ಲ ಬಿಟ್‌ಗಳೂ ಒಂದಾಗಿ ಬರುತ್ತವೆ. ಆದರೆ ಲೆಕ್ಕ ಇಡುವ ಒಂದು ರಿಜಿಸ್ಟರ್ ತುಂಬಿ ನಿಜಕ್ಕೂ ಅಷ್ಟೂ ಒಂದುಗಳಾಗಿರಲೂಬಹುದು. ಇದ್ದವರ ಮಾತೋ, ಇಲ್ಲದವರ ಮೌನವೋ? ಲಿನಕ್ಸ್ ಇಂಥ ಓದನ್ನು ಗುರುತಿಸಲು ಇಟ್ಟುಕೊಂಡ ಹೆಸರಿನಲ್ಲಿ 'ದೋಷ ಇರಬಹುದು' ಎಂಬಷ್ಟೇ ಅರ್ಥವಿದೆ, ಇದೆ ಎಂದಿಲ್ಲ. ಆ ಎಚ್ಚರ ನನಗೆ ಬಹಳ ಹಿಡಿಸುತ್ತದೆ. ಅನುಮಾನ ಬಂದಾಗ ಅದು ಕಡತದ ಮೊದಲ ಎರಡು ಬೈಟುಗಳಿಗೆ ಮರಳಿ, ನಿನ್ನನ್ನು ಮಾಡಿದವರು ಯಾರು ಎಂದು ಮತ್ತೊಮ್ಮೆ ಕೇಳುತ್ತದೆ. ಬೇರೆ ಯಾವ ಪ್ರಶ್ನೆಗಾದರೂ ಸಾಧನ ಬರಿಯ ಒಂದುಗಳ ಉತ್ತರ ಕೊಟ್ಟೀತು. ಈ ಪ್ರಶ್ನೆಗೆ ಹಾಗೆ ಉತ್ತರಿಸಬಲ್ಲ ತಯಾರಕರನ್ನು ಯಾರೂ ಪಟ್ಟಿಗೆ ಸೇರಿಸಿಯೇ ಇಲ್ಲ.